ಮನಸ್ಸು ಕಳಚಿಕೊಂಡಾಗ ಹಿಡಿತ ಎಲ್ಲಿರುತ್ತದೆ?

ಎದುರಿಗಿದ್ದವರ ಮಾತು ಎಲ್ಲೋ ದೂರದಿಂದ ಕೇಳಿದಂತಾಗುವುದು, ತನ್ನ ಮೈ ತನ್ನದಲ್ಲ ಎನಿಸುವುದು, ಬಸ್ಸಿನಲ್ಲಿ ಬಂದ ದಾರಿಯೇ ನೆನಪಾಗದಿರುವುದು: ಇವನ್ನೆಲ್ಲ ಮನೋವಿಜ್ಞಾನಿಗಳು ಡಿಸೋಸಿಯೇಶನ್ ಎನ್ನುತ್ತಾರೆ. ಇಂಥ ಅನುಭವ ಹೆಚ್ಚಿರುವವರಿಗೆ ಗಮನ ನಿಲ್ಲಿಸುವ, ಯೋಜಿಸುವ, ಬೇಡದ್ದನ್ನು ತಡೆಯುವ ಶಕ್ತಿ, ಅಂದರೆ ಎಕ್ಸಿಕ್ಯುಟಿವ್ ಫಂಕ್ಷನ್, ಕಡಿಮೆಯೇ ಎಂದು ಓದುಗರು ಕೇಳುವುದುಂಟು. ಕಡಿಮೆ ಎಂಬ ಉತ್ತರ ಬಹಳ ಹಳೆಯದು. ಅನುಭವಗಳನ್ನು ಒಂದಾಗಿ ಹೆಣೆಯುವ ಬಲ ಕುಂದಿದಾಗ ಮನಸ್ಸಿನ ಕೆಲವು ತುಣುಕುಗಳು ತಮ್ಮಷ್ಟಕ್ಕೆ ತಾವೇ ನಡೆಯತೊಡಗುತ್ತವೆ ಎಂದು ಫ್ರಾನ್ಸಿನ ಪಿಯೇರ್ ಜಾನೆ 1889ರಲ್ಲೇ ವಾದಿಸಿದ್ದ. ಅದ್ಭುತ ಒಳನೋಟ ಅದು. ಆದರೆ ಪ್ರಯೋಗಾಲಯದ ಫಲಿತಾಂಶಗಳನ್ನು ಎದುರಿಗಿಟ್ಟುಕೊಂಡರೆ, ಬರೀ 'ಕೊರತೆ' ಎಂದು ಷರಾ ಬರೆದು ಮುಗಿಸಲಾಗುವುದಿಲ್ಲ.

ಸ್ಟ್ರೂಪ್ ಪರೀಕ್ಷೆಯನ್ನೇ ನೋಡಿ. 'ಕೆಂಪು' ಎಂಬ ಪದವನ್ನು ನೀಲಿ ಬಣ್ಣದಲ್ಲಿ ತೋರಿಸಿ, ಬಣ್ಣ ಯಾವುದೆಂದು ಕೇಳುತ್ತಾರೆ. ನಾಲಿಗೆ ಓದಿದ್ದನ್ನೇ ಹೇಳಲು ಹೊರಡುತ್ತದೆ. ಅದನ್ನು ತಡೆದು 'ನೀಲಿ' ಎನ್ನಲು ತಗಲುವ ಹೆಚ್ಚುವರಿ ಹೊತ್ತೇ ಇಲ್ಲಿ ಅಳತೆ. 1999ರಲ್ಲಿ ಆನ್ ಡಿಪ್ರಿನ್ಸ್ ಮತ್ತು ಜೆನ್ನಿಫರ್ ಫ್ರೈಡ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಎರಡು ಬಗೆಯಲ್ಲಿ ನಡೆಸಿದರು. ಪದವನ್ನು ಕಡೆಗಣಿಸಿ ಬಣ್ಣವನ್ನಷ್ಟೇ ಹೇಳಿ ಎಂದಾಗ ಡಿಸೋಸಿಯೇಶನ್ ಹೆಚ್ಚಿರುವವರು ಹೆಚ್ಚು ತಡವರಿಸಿದರು. ಬಣ್ಣವನ್ನೂ ಹೇಳಿ, ಪದವನ್ನೂ ನೆನಪಿಡಿ ಎಂದಾಗ ಫಲಿತಾಂಶ ತಿರುಗಿತು: ಅವರಿಗೇ ಅಡಚಣೆ ಕಡಿಮೆ. ಹಿಡಿತವೇ ಸಡಿಲವಾಗಿದ್ದರೆ ಕಷ್ಟದ ಎರಡನೇ ಕೆಲಸದಲ್ಲಿ ಅವರು ಇನ್ನಷ್ಟು ಸೋಲಬೇಕಿತ್ತು. ಗಮನವನ್ನು ಒಂದೇ ಕಡೆ ನೆಡುವುದಕ್ಕಿಂತ ಹಂಚಿಡುವುದು ಅವರಿಗೆ ಸುಲಭ ಎಂದು ಓದುವುದೇ ನನಗೆ ಸರಿ ಎನಿಸುತ್ತದೆ.

ವಿದ್ಯಾರ್ಥಿಗಳ ಮಾತು ಬೇರೆ, ರೋಗಿಗಳ ಮಾತು ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದು. ತೀವ್ರ ಡಿಸೋಸಿಯೇಶನ್ ಇರುವವರಿಗೆ ನಿತ್ಯದ ಕೆಲಸವೇ ಕೈತಪ್ಪುತ್ತದೆ. ಗಮನ ಹಂಚಿಡುವ ಗುಣವನ್ನು 'ವಿಶೇಷ ಪ್ರತಿಭೆ' ಎಂದು ಹೊಗಳುವುದು ಅವರ ಸಂಕಟಕ್ಕೆ ಮಾಡುವ ಅವಮಾನ. ಆದರೆ ಆ ಎಡವಟ್ಟಿಗೆಲ್ಲ ಡಿಸೋಸಿಯೇಶನ್ನೇ ನೇರ ಕಾರಣ ಎನ್ನುವ ಮೊದಲು ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ರಾತ್ರಿ ನಿದ್ದೆಗೆಟ್ಟರೆ ಸಾಕು, ಆರೋಗ್ಯವಂತರಲ್ಲೂ ಇಂಥ ಅನುಭವ ಹೆಚ್ಚುತ್ತದೆ ಎಂದು ನೆದರ್ಲೆಂಡ್ಸಿನ ಟಿಮೊ ಗೀಸ್‌ಬ್ರೆಕ್ಟ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ನಿದ್ದೆಗೇಡು ಗಮನವನ್ನೂ ಕೆಡಿಸುತ್ತದೆಂಬುದು ಎಲ್ಲರಿಗೂ ಗೊತ್ತು. ಎರಡೂ ಒಟ್ಟಿಗೆ ಕಾಣಿಸಿಕೊಂಡಾಗ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಎರಡಕ್ಕೂ ಬೇರು ಒಂದೇ ಇದ್ದೀತು. 2012ರಲ್ಲಿ ಪ್ರಕಟವಾದ, ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳ ಅಧ್ಯಯನವೊಂದರಲ್ಲಿ ನಿದ್ದೆ ಹದಕ್ಕೆ ಬಂದಂತೆ ಡಿಸೋಸಿಯೇಶನ್ನೂ ಇಳಿಯಿತು.