ಮನೆಗೆ ಮ್ಯಾಕ್ ಬಂತು, ವಿಡಿಯೋ ಕೆಲಸ ನಿಂತೀತೇ?

ಮದುವೆ, ಉಪನಯನ, ಸೀಮಂತ, ನಾಮಕರಣ, ಯಾವ ಸಮಾರಂಭವೇ ಇರಲಿ, ವಿಡಿಯೋ ಇಲ್ಲದೆ ಈಗ ನಡೆಯುವುದಿಲ್ಲ. ವಿಡಿಯೋ ತೆಗೆಯುವವರು ಒಬ್ಬರು. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಹೆಸರು ಬರೆದು ಅಂದಗೊಳಿಸುವವರು ಇನ್ನೊಬ್ಬರು. ಈ ಎರಡನೆಯ ಕೆಲಸ ಮನೆಯಲ್ಲೇ ಕೂತು ಮಾಡಬಹುದಾದ್ದು. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಕಾಸು ಸಂಪಾದಿಸುವ ಗೃಹಿಣಿಯರು ನಮ್ಮಲ್ಲಿ ಉಂಟು.

ಇಂಥ ಮನೆಗೆ ಒಂದು ದಿನ ಮ್ಯಾಕ್ ಬರುತ್ತದೆ. ಹೊರದೇಶದಲ್ಲಿರುವ ಮಗನೋ ತಮ್ಮನೋ ಪ್ರೀತಿಯಿಂದ ತಂದುಕೊಟ್ಟದ್ದು. ನೋಡಲು ಚೆಂದ, ಕೆಲಸದಲ್ಲೂ ಚುರುಕು. ಆದರೆ ಇಷ್ಟು ವರ್ಷ ಕೈಗೆ ಒಗ್ಗಿದ ಸಾಫ್ಟ್‌ವೇರ್ ಹಾಕಲು ಹೋದರೆ ಅದು ತೆರೆಯುವುದೇ ಇಲ್ಲ. "ಅಯ್ಯೋ, ಇಷ್ಟು ದುಡ್ಡಿನ ಮಿಷನ್ನು, ನಮ್ಮ ಕೆಲಸಕ್ಕೆ ಬಾರದೇನು?" ಎಂದು ಕೈ ಚೆಲ್ಲಬೇಕಾಗಿಲ್ಲ. ದಾರಿಗಳಿವೆ. ಆದರೆ ಎಲ್ಲ ದಾರಿಯೂ ಎಲ್ಲರಿಗೂ ಅಲ್ಲ.

ಯಾಕೆ ಓಡುವುದಿಲ್ಲ?

ನಮ್ಮ ಕಡೆಯ ಮದುವೆ ಸ್ಟುಡಿಯೋಗಳಲ್ಲಿ ಬಹಳ ಬಳಕೆಯಲ್ಲಿರುವ ಎಡಿಯಸ್ ವಿಂಡೋಸಿಗೆಂದೇ ಮಾಡಿದ್ದು. ವೇಗಸ್ ಪ್ರೊ ಎಂಬುದೂ ಹಾಗೆಯೇ. ಇವೆರಡಕ್ಕೂ ಮ್ಯಾಕ್ ಆವೃತ್ತಿ ಇಲ್ಲ. ದೋಸೆ ಹಿಟ್ಟು ಎಷ್ಟೇ ಚೆನ್ನಾಗಿ ಹುದುಗಿರಲಿ, ಕಾವಲಿಯೇ ಇಲ್ಲದಿದ್ದರೆ ದೋಸೆ ಏಳೀತೇ? ವಿಂಡೋಸ್ ಈ ಸಾಫ್ಟ್‌ವೇರುಗಳಿಗೆ ಕಾವಲಿ ಇದ್ದ ಹಾಗೆ. ಮ್ಯಾಕಿನಲ್ಲಿ ಆ ಕಾವಲಿಯನ್ನು ಹೇಗಾದರೂ ಒದಗಿಸಬೇಕು, ಇಲ್ಲವೇ ಮ್ಯಾಕಿನದೇ ಅಡುಗೆ ಕಲಿಯಬೇಕು.

ಮೊದಲು ಚಿಪ್ ಯಾವುದೆಂದು ನೋಡಿ

ಪರದೆಯ ಎಡ ಮೇಲ್ತುದಿಯಲ್ಲಿರುವ ಸೇಬಿನ ಗುರುತನ್ನು ಒತ್ತಿ, 'ಅಬೌಟ್ ದಿಸ್ ಮ್ಯಾಕ್' ಎಂಬುದನ್ನು ತೆರೆಯಿರಿ. ಅಲ್ಲಿ 'ಇಂಟೆಲ್' ಎಂದಿದ್ದರೆ ಒಂದು ಲೆಕ್ಕ, 'ಎಂ1', 'ಎಂ2' ಎಂದು ಮುಂತಾಗಿ ಇದ್ದರೆ ಬೇರೆಯೇ ಲೆಕ್ಕ. ಆಪಲ್ ಕಂಪನಿ 2006ರಿಂದ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಹಾಕುತ್ತಿತ್ತು. 2020ರ ನವೆಂಬರಿನಲ್ಲಿ ತನ್ನದೇ ಎಂ1 ಚಿಪ್ ತಂದು, ಕ್ರಮೇಣ ಇಂಟೆಲ್ ಅನ್ನು ಪೂರ್ತಿ ಬಿಟ್ಟಿತು. ಉಡುಗೊರೆಯಾಗಿ ಬಂದ ಮ್ಯಾಕ್ ಹಳೆಯದೋ ಹೊಸದೋ ಎಂಬುದರ ಮೇಲೆ ನಿಮ್ಮ ದಾರಿ ನಿಂತಿದೆ.

ಇಂಟೆಲ್ ಮ್ಯಾಕ್ ಆದರೆ

ಇದರಲ್ಲಿ 'ಬೂಟ್ ಕ್ಯಾಂಪ್' ಎಂಬ ಸೌಲಭ್ಯವನ್ನು ಆಪಲ್ ಪುಕ್ಕಟೆಯಾಗಿ ಕೊಟ್ಟಿದೆ. ಡಿಸ್ಕಿನಲ್ಲಿ ಒಂದು ಪಾಲು ಬೇರೆ ಮಾಡಿ ವಿಂಡೋಸ್ ಹಾಕಬಹುದು. ಆನ್ ಮಾಡುವಾಗ ಆಪ್ಷನ್ ಕೀಲಿ ಒತ್ತಿ ಹಿಡಿದರೆ, ಮ್ಯಾಕ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳುತ್ತದೆ. ಒಂದೇ ಅಡುಗೆಮನೆಯಲ್ಲಿ ಅತ್ತೆ ಬೆಳಿಗ್ಗೆ, ಸೊಸೆ ಸಂಜೆ ಅಡುಗೆ ಮಾಡಿದ ಹಾಗೆ. ಒಂದು ಸಲಕ್ಕೆ ಒಬ್ಬರೇ, ಆದ್ದರಿಂದ ಜಾಗಕ್ಕೆ ಜಗಳವಿಲ್ಲ. ಯಂತ್ರದ ಪೂರ್ತಿ ಶಕ್ತಿ ವಿಂಡೋಸಿಗೇ ಸಿಗುವುದರಿಂದ ವಿಡಿಯೋ ಕೆಲಸಕ್ಕೆ ಈ ಕ್ರಮವೇ ಒಳ್ಳೆಯದು.

ಆದರೆ ಎರಡು ಮಾತು ಗಮನಿಸಬೇಕು. ಬೂಟ್ ಕ್ಯಾಂಪ್ ವಿಂಡೋಸ್ 10ರವರೆಗೆ ಮಾತ್ರ. 11ಕ್ಕೆ ಆಪಲ್ ಒಪ್ಪಿಗೆಯಿಲ್ಲ. ಆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಅದನ್ನು ಎಡಿಟಿಂಗಿಗೆ ಮಾತ್ರ ಇಟ್ಟುಕೊಂಡು, ಬ್ಯಾಂಕಿನ ವ್ಯವಹಾರವನ್ನು ಮ್ಯಾಕ್ ಕಡೆಯಿಂದಲೇ ಮಾಡುವುದು ಕ್ಷೇಮ. ಇನ್ನೊಂದು, 2025ರಲ್ಲಿ ಬಂದ ಟಾಹೋ ಎಂಬುದೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಎಂದು ಆಪಲ್ ಹೇಳಿದೆ. ಇದ್ದ ಯಂತ್ರವನ್ನು ದುಡಿಸಿಕೊಳ್ಳಿ. ಆದರೆ ಈ ಕೆಲಸಕ್ಕೆಂದು ಈಗ ಹಳೆಯ ಇಂಟೆಲ್ ಮ್ಯಾಕ್ ಕೊಳ್ಳಲು ಹೋಗಬೇಡಿ.

ಹೊಸ ಮ್ಯಾಕ್ ಆದರೆ

ಎಂ1 ಮತ್ತು ಅದರ ನಂತರದ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಇಲ್ಲಿರುವ ಉಪಾಯ ಮನೆಯೊಳಗೇ ಒಂದು ಬಾಡಿಗೆ ಮನೆ ಕಟ್ಟುವುದು. ಪ್ಯಾರಲಲ್ಸ್ ಡೆಸ್ಕ್‌ಟಾಪ್ ಅಥವಾ ವಿಎಂವೇರ್ ಫ್ಯೂಷನ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ, ಮ್ಯಾಕ್ ಓಡುತ್ತಿರುವಾಗಲೇ ಒಂದು ಕಿಟಕಿಯಲ್ಲಿ ವಿಂಡೋಸ್ 11 ಓಡುತ್ತದೆ. ಪ್ಯಾರಲಲ್ಸಿಗೆ ಹಣ ಕೊಡಬೇಕು. 14 ದಿನ ಪುಕ್ಕಟೆಯಾಗಿ ಪರೀಕ್ಷಿಸಲು ಅವಕಾಶವಿದೆ. ಫ್ಯೂಷನ್ 2024ರಿಂದ ಪುಕ್ಕಟೆ. ವಿಂಡೋಸ್ ಲೈಸೆನ್ಸಿನ ಖರ್ಚು ಎರಡರಲ್ಲೂ ಬೇರೆ.

ಮನೆಯಲ್ಲಿ ಬಾಡಿಗೆಯವರಿದ್ದರೆ ನೀರು, ಕರೆಂಟು ಹಂಚಿಕೊಳ್ಳಬೇಕಲ್ಲವೇ? ಇಲ್ಲೂ ಹಾಗೆಯೇ. 8 ಜಿಬಿ ಮೆಮೊರಿಯ ಮ್ಯಾಕಿನಲ್ಲಿ ಅರ್ಧ ವಿಂಡೋಸಿಗೆ ಕೊಟ್ಟರೆ ಇಬ್ಬರಿಗೂ ಸಾಲದು. 16 ಜಿಬಿ ಆದರೂ ಇರಬೇಕು. ಈ ಮ್ಯಾಕ್‌ಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. "ತರ್ತೀನಿ ಅಮ್ಮಾ, ಯಾವುದು ಬೇಕು?" ಎಂದು ಮಗ ಫೋನಿನಲ್ಲಿ ಕೇಳಿದಾಗಲೇ ಈ ಮಾತು ಹೇಳಿಬಿಡಿ.

ವಿಡಿಯೋಗೇ ಯಾಕೆ ಇಷ್ಟು ಕಷ್ಟ?

ಲೆಕ್ಕಪತ್ರದ ಸಾಫ್ಟ್‌ವೇರ್ ಈ ಬಾಡಿಗೆ ಮನೆಯಲ್ಲಿ ನೆಮ್ಮದಿಯಾಗಿ ಇರುತ್ತದೆ. ವಿಡಿಯೋ ಹಾಗಲ್ಲ. ಹೊಸ ಮ್ಯಾಕಿಗೆ ಬರುವ ವಿಂಡೋಸ್ 'ಆರ್ಮ್' ಎಂಬ ಬೇರೆ ಜಾತಿಯ ಚಿಪ್ಪಿಗೆ ಮಾಡಿದ್ದು. ಎಡಿಯಸ್‌ನಂಥದ್ದು ಇಂಟೆಲ್ ಮಾದರಿಯ ಚಿಪ್ಪಿಗೆ ಬರೆದದ್ದು. ಪ್ರತಿಯೊಂದು ಆಜ್ಞೆಯನ್ನೂ ವಿಂಡೋಸ್ ಭಾಷಾಂತರಿಸಿ ಕೊಡಬೇಕು. ಅಲ್ಲಿ ವೇಗ ತಗ್ಗುತ್ತದೆ. ಅಲ್ಲದೆ ಎಡಿಯಸ್ ವಿಡಿಯೋ ಬಿಚ್ಚಲು, ಕಟ್ಟಲು ಇಂಟೆಲ್ ಚಿಪ್ಪಿನ 'ಕ್ವಿಕ್ ಸಿಂಕ್' ಎಂಬ ಅಂಗದ ನೆರವು ಪಡೆಯುತ್ತದೆ. ಆಪಲ್ ಚಿಪ್ಪಿನಲ್ಲಿ ಆ ಅಂಗವೇ ಇಲ್ಲ. ಎನ್ವಿಡಿಯಾ ಕಾರ್ಡನ್ನು ನಂಬಿದ ಎಫೆಕ್ಟುಗಳ ಕಥೆಯೂ ಅಷ್ಟೇ. ಚಿಕ್ಕ ನಾಮಕರಣದ ತುಣುಕು ಹೇಗೋ ಮುಗಿದೀತು. ಮೂರು ಕ್ಯಾಮೆರಾದ ಮದುವೆ, ಅದೂ 4ಕೆಯಲ್ಲಿ, ಇಲ್ಲಿ ಮಾಡುತ್ತೇನೆಂದು ಹೊರಡುವುದು ಜಾಣತನವಲ್ಲ.

ಕ್ರಾಸ್‌ಓವರ್ ಎಂಬುದೂ ಒಂದಿದೆ. 1993ರಲ್ಲಿ ಆರಂಭವಾದ 'ವೈನ್' ಯೋಜನೆಯ ಆಧಾರದ ಮೇಲೆ ಮಾಡಿದ್ದು. ವಿಂಡೋಸನ್ನೇ ಹಾಕದೆ, ಸಾಫ್ಟ್‌ವೇರಿಗೂ ಮ್ಯಾಕಿಗೂ ನಡುವೆ ದುಭಾಷಿಯಂತೆ ಕೂರುತ್ತದೆ. ಭಾರಿ ಎಡಿಟಿಂಗ್ ಸಾಫ್ಟ್‌ವೇರನ್ನು ಅದರ ಮೇಲೆ ನಂಬಿ ಕೂರುವ ಹಾಗಿಲ್ಲ.

ಹಳೆಯದನ್ನು ಮಾರಬೇಡಿ

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಸುಲಭದ ದಾರಿ ಮನೆಯ ಮೂಲೆಯಲ್ಲೇ ಇದೆ. ಹಳೆಯ ವಿಂಡೋಸ್ ಕಂಪ್ಯೂಟರ್ ಹಾಗೇ ಇರಲಿ. ಅದರಲ್ಲಿ ವಿಂಡೋಸ್ ಪ್ರೊ ಇದ್ದರೆ, ಮೈಕ್ರೋಸಾಫ್ಟಿನ 'ವಿಂಡೋಸ್ ಆ್ಯಪ್' ಮೂಲಕ ಮ್ಯಾಕಿನ ಪರದೆಯಿಂದಲೇ ಅದನ್ನು ನಡೆಸಬಹುದು. ದುಡಿಯುವುದು ಹಳೆಯದು, ನೋಡುವುದು ಹೊಸದರಲ್ಲಿ. ದೃಶ್ಯ ಸ್ವಲ್ಪ ತಡೆತಡೆದು ಬಂದೀತು. ಆದ್ದರಿಂದ ಮಾತಿಗೂ ತುಟಿಗೂ ತಾಳೆ ನೋಡುವ ಕೆಲಸವನ್ನು ಮಾತ್ರ ಹಳೆಯದರ ಮುಂದೆಯೇ ಕೂತು ಮಾಡಿ.

ಹೊಸ ವಿದ್ಯೆ ಕಲಿತರೆ?

ಮ್ಯಾಕಿನ ಶಕ್ತಿ ಪೂರ್ತಿ ಸಿಗುವುದು ಮ್ಯಾಕಿಗೆಂದೇ ಬರೆದ ಸಾಫ್ಟ್‌ವೇರಿನಲ್ಲಿ. ಐಮೂವಿ ಪುಕ್ಕಟೆ, ಮನೆಯ ಮಟ್ಟಿಗೆ ಸಾಕು. ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಮದುವೆ ಕೆಲಸಕ್ಕೂ ಧಾರಾಳವಾಯಿತು. ವಿಂಡೋಸಿನಲ್ಲೂ ಅದೇ ಸಿಗುವುದರಿಂದ, ಹಳೆಯ ಕಂಪ್ಯೂಟರಿನಲ್ಲೇ ಬಿಡುವಿನಲ್ಲಿ ಕಲಿತು ಆಮೇಲೆ ಮ್ಯಾಕಿಗೆ ಹೋಗಬಹುದು. ಪ್ರೀಮಿಯರ್ ಬಳಸುವವರಿಗಂತೂ ಚಿಂತೆಯೇ ಇಲ್ಲ. ಒಂದೇ ಚಂದಾದಲ್ಲಿ ಎರಡು ಕಂಪ್ಯೂಟರಿಗೆ ಹಾಕಬಹುದು. ಒಂದು ವಿಂಡೋಸ್, ಇನ್ನೊಂದು ಮ್ಯಾಕ್ ಆದರೂ ಸರಿಯೆ.

ಎಡಿಯಸ್‌ನ ಅರ್ಧ ಮುಗಿದ ಕೆಲಸವನ್ನು ರಿಸಾಲ್ವ್‌ಗೆ ಒಯ್ಯಲು 'ಎಎಎಫ್', 'ಇಡಿಎಲ್' ಎಂಬ ಕ್ರಮಗಳುಂಟು. ಕತ್ತರಿಸಿ ಜೋಡಿಸಿದ್ದು ಬರುತ್ತದೆ. ಹಾಕಿದ ಎಫೆಕ್ಟು, ಬರೆದ ಹೆಸರುಗಳು ಬರುವುದಿಲ್ಲವೆಂದೇ ತಿಳಿಯಿರಿ.

ಕನ್ನಡ ಅಕ್ಷರದ ಪೇಚು

ಇದು ನಮ್ಮವರಿಗೆ ಮಾತ್ರ ಬರುವ ತೊಂದರೆ. ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದ ವಧೂವರರ ಹೆಸರು, ಮ್ಯಾಕಿನ ಯೂನಿಕೋಡ್ ಅಕ್ಷರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮ್ಯಾಕಿನಲ್ಲೇ ಕನ್ನಡ ಅಕ್ಷರ, ಕನ್ನಡ ಕೀಲಿಮಣೆ ಎರಡೂ ಇವೆ. ಹೆಸರುಗಳನ್ನು ಹೊಸದಾಗಿಯೇ ಟೈಪು ಮಾಡಿ, ಒತ್ತಕ್ಷರ ಸರಿ ಬಿದ್ದಿದೆಯೇ ಎಂದು ಲಗ್ನಪತ್ರಿಕೆ ಕೈಯಲ್ಲಿ ಹಿಡಿದು ನೋಡಿ. ಬೀಗರ ಹೆಸರು ತಪ್ಪಿದರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ!

ನೆನಪಿಡಬೇಕಾದ್ದು

1. ಮುಂಗಡ ಪಡೆದ ಕೆಲಸವನ್ನು ಹಳೆಯ ಕಂಪ್ಯೂಟರಿನಲ್ಲೇ ಮುಗಿಸಿಕೊಡಿ. ಲಗ್ನದ ದಿನಗಳ ನಡುವೆ ಯಂತ್ರ ಬದಲಿಸಬೇಡಿ. ಆಷಾಢದ ಬಿಡುವು ಇದಕ್ಕೆ ತಕ್ಕ ಕಾಲ.

2. ಹಣ ಕೊಡುವ ಮುಂಚೆ ಪರೀಕ್ಷೆಯ ಆವೃತ್ತಿ ಹಾಕಿ, ಹಳೆಯದೊಂದು ಮದುವೆಯ ಹತ್ತು ನಿಮಿಷವನ್ನು ಆದಿಯಿಂದ ಅಂತ್ಯದವರೆಗೆ ಮಾಡಿ ನೋಡಿ.

3. ವಿಂಡೋಸಿನಲ್ಲಿ ಬಳಸಿದ ಹೊರಗಿನ ಡಿಸ್ಕು 'ಎನ್‌ಟಿಎಫ್‌ಎಸ್' ಕ್ರಮದ್ದಾದರೆ ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎರಡಕ್ಕೂ ಆಗುವುದು 'ಎಕ್ಸ್‌ಫ್ಯಾಟ್'. ಆದರೆ ಕ್ರಮ ಬದಲಿಸಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೇರೆಡೆ ನಕಲು ಮಾಡಿಕೊಳ್ಳಿ.

4. ಮುಗಿದ ಚಿತ್ರಗಳನ್ನು ಎಂಪಿ4 ರೂಪದಲ್ಲಿ ತೆಗೆದಿಡಿ. ಎರಡು ಯಂತ್ರಗಳೂ ಅದನ್ನು ಬಲ್ಲವು.

5. ಕ್ಯಾಮೆರಾದಿಂದ ಬಂದ ಮೂಲ ಎರಡು ಡಿಸ್ಕುಗಳಲ್ಲಿರಲಿ. ಸಾಫ್ಟ್‌ವೇರ್ ಇನ್ನೊಂದು ಕೊಳ್ಳಬಹುದು. ಧಾರೆ ಎರೆದ ಆ ಗಳಿಗೆಯನ್ನು ಮತ್ತೆ ತೆಗೆಯಲು ಯಾರಿಂದಲೂ ಆಗದು.

ಹೊಸ ಯಂತ್ರ ಬಂದಿತೆಂದು ಕೈಯಲ್ಲಿದ್ದ ಕಸುಬು ನಿಲ್ಲಬಾರದು. ಎಲ್ಲಿ ಕತ್ತರಿಸಬೇಕು, ಯಾವ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಆ ವಿದ್ಯೆ ಮ್ಯಾಕಿನಲ್ಲೂ ನಡೆಯುತ್ತದೆ, ವಿಂಡೋಸಿನಲ್ಲೂ ನಡೆಯುತ್ತದೆ.