ಸ್ನಾನಗೃಹದ ಚಾವಣಿಯಲ್ಲಿ ಹುದುಗುವ ದೀಪ

ಪ್ರಶ್ನೆ: ಸ್ನಾನಗೃಹದ ಫಾಲ್ಸ್ ಸೀಲಿಂಗ್‌ನಲ್ಲಿ ಕೂರಿಸಿದ ಎಲ್‌ಇಡಿ ದೀಪಗಳು ಬೇಗ ಕೆಡುವುದೇಕೆ? ಹೊಸದಾಗಿ ಹಾಕಿಸುವವರು ಯಾವುದಕ್ಕೆ ಹಣ ಹಾಕಬೇಕು?

ಉತ್ತರ: ಉರಿಯುವ ದೀಪದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸಂದುಗಳಿಂದ ಹೊರಹೋಗುತ್ತದೆ, ದೀಪ ಆರಿಸಿದಾಗ ಒಳಗಾಳಿ ತಣಿದು ಕುಗ್ಗುವುದರಿಂದ ಸ್ನಾನದ ಹಬೆ ಒಳಸೇರಿ, ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಕಟ್ಟುವಂತೆ ಹನಿಗಟ್ಟಿ, ಬೆಸುಗೆಗಳಿಗೆ ಕಿಲುಬು ಹಿಡಿಸುತ್ತದೆ. ಇದಕ್ಕಿಂತ ದೊಡ್ಡ ಶತ್ರು ಶಾಖ. ಚಾವಣಿಯ ಮೇಲಿನ ಪೊಳ್ಳಿನಲ್ಲಿ ಗಾಳಿಯಾಡದಿದ್ದರೆ ಡ್ರೈವರ್, ಅಂದರೆ ಮನೆಯ ಎಸಿ ವಿದ್ಯುತ್ತನ್ನು ಎಲ್‌ಇಡಿಗೆ ಬೇಕಾದ ಡಿಸಿಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆ, ಕಾದು, ಅದರ ಕೆಪಾಸಿಟರ್‌ನೊಳಗಿನ ದ್ರವ ಆರತೊಡಗುತ್ತದೆ; ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಆ ಕೆಪಾಸಿಟರ್‌ನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ.

ದೀಪದ ಮೇಲೆ ಮುದ್ರಿಸಿರುವ ಐಪಿ ಸಂಖ್ಯೆಯ ಮೊದಲ ಅಂಕಿ ದೂಳಿನಿಂದಲೂ ಎರಡನೆಯದು ನೀರಿನಿಂದಲೂ ಇರುವ ರಕ್ಷಣೆಯನ್ನು ಸೂಚಿಸುತ್ತದೆ: ಐಪಿ44 ಎರಚುವ ನೀರನ್ನು ತಡೆದರೆ, ಐಪಿ65 ರಭಸದಿಂದ ಚಿಮ್ಮುವ ನೀರನ್ನೂ ತಡೆಯುವುದರಿಂದ ಶವರ್‌ನ ನೆತ್ತಿಗೆ ಅದೇ ತಕ್ಕದ್ದು.

5 ಅಡಿ ಅಗಲ, 8 ಅಡಿ ಉದ್ದದ ಕೋಣೆಗೆ 6 ವ್ಯಾಟ್‌ನ ಮೂರು ದೀಪಗಳು ಸಾಕು. ಅವುಗಳಲ್ಲಿ ಒಂದು ನಿಂತವರ ತಲೆಯ ಮೇಲಿರದೆ ಕನ್ನಡಿಯ ಕಡೆಗೆ ಸರಿದಿದ್ದರೆ ಮುಖದ ಮೇಲೆ ಕಣ್ಣುಗುಳಿಗಳ ನೆರಳು ಬೀಳದು. ಮೂರೂ ದಿನಕ್ಕೆ 3 ಗಂಟೆ ಉರಿದರೂ ತಿಂಗಳಿಗೆ ತಗಲುವುದು ಸುಮಾರು 1.6 ಯೂನಿಟ್ ಮಾತ್ರವಾದ್ದರಿಂದ, ಇನ್ನಷ್ಟು ಕಡಿಮೆ ವ್ಯಾಟ್‌ಗಾಗಿ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. ಹಣ ಮೊದಲು ಮೀಸಲಾಗಬೇಕಾದದ್ದು ಡ್ರೈವರನ್ನು ಪ್ರತ್ಯೇಕವಾಗಿ ಬದಲಿಸಬಹುದಾದ ಐಪಿ65 ದೀಪಕ್ಕೆ, ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ.