ಕದಂಬದ ಮನೆಯವರು

ಜುಲೈ ತಿಂಗಳು. ಶಿರಾಳಕೊಪ್ಪದಿಂದ ಸೊರಬದ ಕಡೆಗೆ ಹೋಗುವಾಗ ಸಿಗುವ ಹಳ್ಳವೊಂದರ ದಂಡೆಯಲ್ಲಿ ಕದಂಬ ಹೂ ಬಿಟ್ಟಿದೆ. ಕಾಂಡ ನೆಟ್ಟಗೆ ಮೇಲೇರಿದೆ, ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿವೆ. ಅಂಗೈಗಿಂತ ದೊಡ್ಡ ಎಲೆಗಳು ಎದುರುಬದುರಾಗಿ ಜೋಡಿಜೋಡಿ. ರೆಂಬೆಯ ತುದಿಗೆ ಒಂದೊಂದು ಹೊಂಬಣ್ಣದ ಚೆಂಡು. ಮಳೆಗೆ ಉದುರಿದ ಒಂದನ್ನು ಎತ್ತಿಕೊಂಡು ಭೂತಗನ್ನಡಿ ಹಿಡಿದೆ. ದೂರದಿಂದ ಒಂದೇ ಹೂವಾಗಿ ಕಾಣುವುದು ನಿಜಕ್ಕೂ ನೂರಾರು ಪುಟ್ಟ ಹೂಗಳ ಗುಂಪು. ಪ್ರತಿಯೊಂದೂ ಕಿತ್ತಳೆ ಬಣ್ಣದ ಸಪೂರ ಕೊಳವೆ, ಬಾಯಲ್ಲಿ ಐದು ಎಸಳು, ಅದನ್ನೂ ದಾಟಿ ಹೊರಗೆ ಬಂದ ಒಂದು ಬಿಳಿ ಶಲಾಕೆ. ಎಲ್ಲ ದಿಕ್ಕಿಗೂ ಒಟ್ಟಿಗೇ ಅರಳುವ ಈ ಚೆಂಡನ್ನು ನಮ್ಮ ತಾರ್ಕಿಕರು ಶಬ್ದ ಹರಡುವ ಬಗೆಯನ್ನು ವಿವರಿಸಲು ಬಳಸಿದರು. ಅದೇ ಕದಂಬಗೋಲಕ ನ್ಯಾಯ.

ಇದು ಕಾಫಿಯ ಕುಟುಂಬಕ್ಕೆ ಸೇರಿದ ಮರ. ಎದುರುಬದುರಾದ ಎರಡು ಎಲೆತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿಕೊಂಡಂತೆ ಇರುವ ಪುಟ್ಟ ಉಪಪತ್ರಗಳನ್ನು ನೋಡಿದರೆ ನಂಟು ತಿಳಿಯುತ್ತದೆ. ಶಿಕಾರಿಪುರದ ಒಣಗಾಡಿನಲ್ಲಿ ಇದರ ದಾಯಾದಿಯೊಂದಿದೆ, ಅರಿಶಿನ ತೇಗ. ಅದರ ಹೂವೂ ಚೆಂಡೇ, ಆದರೆ ಸಣ್ಣದು, ಎಲೆ ಹೃದಯದಾಕಾರದ್ದು. ಕದಂಬದ ಎಲೆ ಉದ್ದ, ಅದಕ್ಕೆ ಬೇಕಾದದ್ದು ನೀರಿನ ಪಸೆಯಿರುವ ನೆಲ.

ಈ ಮರ ಒಂದು ಮನೆತನಕ್ಕೆ ಹೆಸರು ಕೊಟ್ಟ ಕಥೆ ಇಲ್ಲಿಗೆ ಸಮೀಪದಲ್ಲೇ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ, ಐದನೇ ಶತಮಾನದ ನಡುಭಾಗದಲ್ಲಿ ಕದಂಬ ಅರಸ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿ ಬರೆದ ಸಂಸ್ಕೃತ ಶಾಸನ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಇದನ್ನು ಸೇರಿಸಿದರು. ಮಾನವ್ಯ ಗೋತ್ರದ, ಹಾರಿತೀಪುತ್ರರೆನಿಸಿದ ಒಂದು ವೈದಿಕ ಕುಟುಂಬ. ಅವರ ಮನೆಯ ಬಳಿ ಚೆನ್ನಾಗಿ ಹೂ ಬಿಡುವ ಒಂದು ಕದಂಬ. ಅದನ್ನು ಅವರು ಉಪಚರಿಸುತ್ತ ಬಂದರು. ಹಾಗಾಗಿ ಮರದ ಗುಣವೂ ಹೆಸರೂ ಅವರದಾಯಿತು. ಶಾಸನದ ಮಾತಿನ ಸಾರ ಇಷ್ಟೇ. ಮರ ಇತ್ತು ಎನ್ನುವುದರ ಮೇಲಲ್ಲ, ಅದನ್ನು ನೋಡಿಕೊಂಡರು ಎನ್ನುವುದರ ಮೇಲೆ ಆ ಹೆಸರು ನಿಂತಿದೆ.

ಮರ ಅಂಗಳದಲ್ಲೇ ಉಳಿಯಿತು, ಹೆಸರು ನಡೆಯತೊಡಗಿತು. ಆ ಮನೆಯ ಮಯೂರಶರ್ಮ ತಾತ ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಶ್ರೀಪರ್ವತದ ಕಾಡು ನೆಲೆಯಾಯಿತು. ಸುಮಾರು 345ರ ಹೊತ್ತಿಗೆ ಬನವಾಸಿ ರಾಜಧಾನಿ. ಮಗನ ಹೆಸರು ಕಂಗವರ್ಮ. ಒಂದೇ ತಲೆಮಾರಿನಲ್ಲಿ ಶರ್ಮ ಹೋಗಿ ವರ್ಮ ಬಂದಿತು, ಕದಂಬ ಮಾತ್ರ ಅಲುಗಲಿಲ್ಲ. ಮುಂದೆ ಅದೇ ವಂಶದ ಕಾಕುತ್ಸ್ಥವರ್ಮನ ಹೆಣ್ಣುಮಕ್ಕಳು ಗುಪ್ತರೇ ಮೊದಲಾದ ಅರಸರ ಮನೆ ತುಂಬಿದರು. ಚಾಲುಕ್ಯರು ಬನವಾಸಿಯನ್ನು ಗೆದ್ದುಕೊಂಡ ಮೇಲೆ ಈ ಹೆಸರು ಕೆಲವು ಶತಮಾನ ತಗ್ಗಿ, ಹತ್ತು-ಹನ್ನೊಂದನೇ ಶತಮಾನದಲ್ಲಿ ಹಾನಗಲ್ಲಿನಲ್ಲೂ ಗೋವೆಯಲ್ಲೂ ಮತ್ತೆ ಎದ್ದಿತು. ಮಹಾರಾಷ್ಟ್ರ, ಗೋವೆಗಳ ಕದಂ ಮನೆತನದವರಲ್ಲಿ ತಮ್ಮ ಮೂಲ ಇದೇ ಎಂದು ನಂಬುವವರಿದ್ದಾರೆ. 1980ರಲ್ಲಿ ಗೋವೆಯ ಸಾರಿಗೆ ನಿಗಮಕ್ಕೆ, 2005ರಲ್ಲಿ ಕಾರವಾರದ ನೌಕಾನೆಲೆಗೆ ಇದೇ ಹೆಸರು ಸಂದಿತು.

ಊರು ಬಿಟ್ಟು ದೂರ ಹೋದಂತೆ ಹೆಸರಿನ ಕಥೆಯೂ ಬದಲಾಯಿತು. ನಂತರದ ಕದಂಬರ ಶಾಸನಗಳಲ್ಲಿ ಮೂಲಪುರುಷ ಶಿವನ ಹಣೆಯ ಬೆವರಹನಿ ಕದಂಬದ ಬುಡದಲ್ಲಿ ಬಿದ್ದು ಹುಟ್ಟಿದ ಮುಕ್ಕಣ್ಣ. ಅರಸು ಮನೆತನಕ್ಕೆ ದೈವದ ಹುಟ್ಟು ಬೇಕು, ಸರಿ. ಆದರೆ ಅಲ್ಲಿ ಮರಕ್ಕೆ ನೆರಳು ಕೊಡುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ, ನೋಡಿಕೊಂಡವರ ಸುದ್ದಿಯೇ ಇಲ್ಲ. ನನಗೆ ತಾಳಗುಂದದ ಹಳೆಯ ಮಾತೇ ಹೆಚ್ಚು.

ಮರದಿಂದ ಹೆಸರು ಪಡೆದವರು ಲೋಕದಲ್ಲಿ ಬೇರೆಯೂ ಇದ್ದಾರೆ. ಇಂಗ್ಲೆಂಡಿನ ನ್ಯಾಶ್ ಮನೆತನದ ಹೆಸರು ಆಶ್ ಮರದ ಬಳಿ ವಾಸವಾಗಿದ್ದವರು ಎಂಬುದರಿಂದ ಬಂದದ್ದು. ಸ್ವೀಡನ್ನಿನ ನಿಲ್ಸ್ ಎಂಬಾತ ವಿಶ್ವವಿದ್ಯಾಲಯ ಸೇರುವಾಗ, ತಮ್ಮ ಜಮೀನಿನಲ್ಲಿದ್ದ ದೊಡ್ಡ ಲಿಂಡ್ ಮರದ ಹೆಸರಿನಿಂದ ಲಿನೇಯಸ್ ಎಂದು ಬರೆಸಿಕೊಂಡ. ಗಿಡಮರಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಕಾರ್ಲ್ ಲಿನೇಯಸ್ ಅವನ ಮಗ. ಆ ಪದ್ಧತಿಯಲ್ಲಿ ನಮ್ಮ ಕದಂಬವೂ ಊರೂರು ಅಲೆದಿದೆ. ರಾಕ್ಸ್‌ಬರ್ಗ್ ಇಟ್ಟದ್ದು ನಾಕ್ಲಿಯಾ ಕದಂಬ, ಆಮೇಲೆ ಆಂಥೋಸೆಫಾಲಸ್, 1984ರಲ್ಲಿ ಬೋಸರ್ ಕೊಟ್ಟ ಹೆಸರು ನಿಯೋಲಮಾರ್ಕಿಯಾ. ಫ್ರಾನ್ಸಿನ ನಿಸರ್ಗಶಾಸ್ತ್ರಿ ಲಮಾರ್ಕನ ಮನೆತನದ ಹೆಸರು ಈಗ ಮರದ್ದು. ಮುಂದಿನ ಪದ ಎಷ್ಟು ಬದಲಾದರೂ ಹಿಂದಿನ ಕದಂಬ ಉಳಿದುಕೊಂಡಿದೆ.

ಇನ್ನು ಮರದ ಸ್ವಂತ ವಲಸೆ. ಚಳಿಗಾಲದ ಕೊನೆಗೆ ಚೆಂಡು ಮೆತ್ತಗಾಗಿ ಹಣ್ಣಾಗುತ್ತದೆ. ಮಂಗ, ಬಾವಲಿ ತಿಂದು ಚೆಲ್ಲುತ್ತವೆ. ಒಂದು ಹಣ್ಣನ್ನು ಬೆರಳಲ್ಲಿ ಹಿಸುಕಿ ಬಿಳಿ ಬಟ್ಟೆಗೆ ಒರೆಸಿದರೆ ಬೀಜ ಕಾಣಿಸುತ್ತದೆ. ನಶ್ಯದ ಪುಡಿಯಷ್ಟು ಸಣ್ಣದು, ಒಂದೇ ಹಣ್ಣಿನಲ್ಲಿ ಸಾವಿರಾರು. ಮಳೆನೀರು ಅವನ್ನು ಹಳ್ಳಕ್ಕೆ ಒಯ್ಯುತ್ತದೆ. ಇಲ್ಲಿ ದಂಡಾವತಿ, ವರದೆ. ಅತ್ತ ಶಿಕಾರಿಪುರದ ಕಡೆ ಕುಮುದ್ವತಿ. ಹೊಸ ಮೆಕ್ಕಲು ಬಿದ್ದ, ಬಿಸಿಲು ತಾಗುವ ದಂಡೆ ಸಿಕ್ಕರೆ ಮಾತ್ರ ಮೊಳಕೆಗೆ ಬದುಕು. ಸೊರಬದ ಕಾನುಗಳ ಒಳಗಿನ ಕತ್ತಲಿನಲ್ಲಿ ಇದು ಏಳುವುದಿಲ್ಲ. ಕಾನಿನ ಅಂಚಿನಲ್ಲಿ, ನೀರು ಹೊರಬರುವ ಕಡೆ ಹುಡುಕಬೇಕು. ಕಾನು ಕರಗಿದಂತೆ ಹಳ್ಳದ ಹರಿವು ತೆಳುವಾಗುತ್ತದೆ, ಹಳ್ಳದ ಜೊತೆ ಕದಂಬದ ದಾರಿಯೂ ಮುಚ್ಚುತ್ತದೆ.

ಇಷ್ಟು ಸಣ್ಣ ಬೀಜದ ಮರ ಮನೆಯಂಗಳದಲ್ಲಿ ತಾನಾಗಿ ದೊಡ್ಡದಾಗುವುದು ಕಷ್ಟ. ಸಸಿ ಮಾಡಿದವರಿಗೆ ಇದು ಗೊತ್ತು. ಹಣ್ಣು ಕೊಳೆಸಿ, ನೀರಿನಲ್ಲಿ ಕಿವುಚಿ, ಸೋಸಿ, ಒಣಗಿಸಿ, ಮರಳಿನ ಜೊತೆ ಬೆರೆಸಿ ಬಿತ್ತಬೇಕು. ಮೂರು ವಾರದ ಆಸುಪಾಸು ಮೊಳಕೆ ಬಂದರೆ ಅದರ ಮೇಲೆ ಒಂದು ದಪ್ಪ ಮಳೆಹನಿ ಬಿದ್ದರೂ ಸಾಕು, ಮಲಗಿಬಿಡುತ್ತದೆ. ದನದ ಬಾಯಿಂದ ಕಾಯಬೇಕು. ಬೇರು ಹಿಡಿದ ಮೇಲೆ ಬೆಳವಣಿಗೆ ಭರದಿಂದ ಸಾಗುತ್ತದೆ. ಆಗ ಕಮಾಂಡರ್ ಚಿಟ್ಟೆ ಮೊಟ್ಟೆಯಿಡಲು ಬರುತ್ತದೆ. ಮರಿಹುಳು ಎಲೆಯ ತುದಿಯಿಂದ ಎರಡೂ ಬದಿ ತಿನ್ನುತ್ತ ನಡುನರವನ್ನು ಮಾತ್ರ ಬಿಡುತ್ತದೆ. ಅದರ ತುದಿಗೆ ತನ್ನ ಹಿಕ್ಕೆಯ ಕಾಳುಗಳನ್ನು ಪೋಣಿಸಿ, ಆ ಕಡ್ಡಿಯ ಮೇಲೆ ಕೂತು ಕಾಣದಂತಾಗುತ್ತದೆ. ಹುಳುವಿಗೆ ಹೆದರಿ ಔಷಧಿ ಹೊಡೆಯಬೇಕಾಗಿಲ್ಲ. ನಾಲ್ಕು ಎಲೆ ಹೋದರೆ ಎಂಟು ಬರುತ್ತವೆ. ಉಪಚಾರ ಅಂದರೆ ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು ಎಂಬ ತಿಳಿವಳಿಕೆಯೂ ಹೌದು.

ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ ತಾಳಗುಂದದ ಶಾಸನ ಹೇಳುವ ಆ ಮನೆಯವರು ಮಾಡಿದ್ದು ಇದೇ ಕೆಲಸ. ಅದಕ್ಕೇ ಮರದ ಹೆಸರು ಅವರಿಗೆ ದಕ್ಕಿತು, ಗೆದ್ದ ರಾಜ್ಯಗಳೆಲ್ಲ ಹೋದರೂ ಉಳಿಯಿತು. ಶಿಕಾರಿಪುರ, ಸೊರಬದ ಶಾಲೆಗಳಲ್ಲಿ ಮಕ್ಕಳು ಕದಂಬರ ಪಾಠವನ್ನು ಪುಸ್ತಕದಲ್ಲಿ ಓದುತ್ತಾರೆ. ಪಾಠದ ಜೊತೆ ಮರವನ್ನೂ ತೋರಿಸೋಣ. ಜನವರಿ ಕಳೆದ ಮೇಲೆ ಹಳ್ಳದ ದಂಡೆಯಲ್ಲಿ ಹಣ್ಣು ಆಯ್ದು ಬೀಜ ಮಾಡಿಟ್ಟರೆ ಮರುವರ್ಷದ ಮುಂಗಾರಿಗೆ ಸಸಿ ಸಿದ್ಧ. ಕೆರೆಯ ಏರಿಯ ಕೆಳಗೆ, ಶಾಲೆಯ ಬಾವಿಯ ಹತ್ತಿರ, ತಂಪು ನೆಲ ನೋಡಿ ನೆಡಲಿ; ಮೂರ್ನಾಲ್ಕು ಬೇಸಿಗೆ ನೀರು ಹೊತ್ತು ಹಾಕಲಿ. ಕದಂಬ ಎಂಬ ಹೆಸರಿನ ಮೇಲೆ ಆ ಮಕ್ಕಳಿಗೂ ಅಷ್ಟೇ ಹಕ್ಕು.